ಅಕ್ಕನ ಹೊಟ್ಟೆಯ ಗೆರೆಗಳು

ಬೆಳಗ್ಗೆ ಹತ್ತು ಇಪ್ಪತ್ತು. ಮಹದೇವಪುರದ ರಿಂಗ್ ರೋಡಿನಲ್ಲಿ ಆಟೋ ನಿಂತೇ ಇತ್ತು. "ತುಟಿ ಜುಮ್ ಅಂತಿದೆ ಕಣೇ" ಎಂದಳು ಅಕ್ಕ. ನಿನ್ನೆ ಹಲಸಿನ ತೊಳೆಗೆ ಸುತ್ತಲು ಪ್ಲಾಸ್ಟಿಕ್ ಹಾಳೆಯನ್ನು ಸುರುಳಿಯಿಂದ ಚರ್ರೆಂದು ಎಳೆದೆ ನೋಡಿ, ಹೋದ ವರ್ಷದ ಆ ಗಳಿಗೆ ಮತ್ತೆ ಎದುರು ಬಂತು.

ಗೆರೆಗಳ ಕಥೆ ಅದಕ್ಕಿಂತ ಹಳೆಯದು. ವರ್ತೂರಿನಲ್ಲಿ ಅಮ್ಮ ಮಧ್ಯಾಹ್ನ ಅಡ್ಡಾದರೆ ಅವಳ ಹೊಟ್ಟೆಯ ಗೆರೆಗಳ ಮೇಲೆ ಬೆರಳಾಡಿಸುತ್ತಾ "ನಂದ್ಯಾವ್ದು?" ಎಂದು ನಾವಿಬ್ಬರೂ ಜಗಳವಾಡುತ್ತಿದ್ದೆವು. "ಮೇಲಿಂದು ಅಕ್ಕಂದು, ಕೆಳಗಿಂದು ನಿಂದು. ಸುಮ್ನೆ ಮಲ್ಕೊಳ್ರೇ." ಅಜ್ಜಿ ನಗುತ್ತಿದ್ದಳು: "ಕೆರೆ ನೀರು ಇಳಿದ್ಮ್ಯಾಕೆ ದಡದಾಗೆ ಗೆರೆ ಉಳೀತದಲ್ಲ, ಅಂಗೇ ಕಣವ್ವ." ಆಗಿನ್ನೂ ನಮ್ಮೂರ ಕೆರೆಗೆ ಕೊಳಚೆಯ ನೊರೆ ಬಂದಿರಲಿಲ್ಲ, ಅಜ್ಜಿಯ ಹೋಲಿಕೆ ನಾರುತ್ತಿರಲಿಲ್ಲ.

ಅವಳಿ ಮಕ್ಕಳಾದ ಮೇಲೆ ಅಕ್ಕನಿಗೂ ಅವೇ ಗೆರೆಗಳು. ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಮಕ್ಕಳನ್ನಿಳಿಸಿ ತಾನು ದಡದಲ್ಲೇ ಕೂರುತ್ತಿದ್ದಳು. ಲೇಸರಿನ ಜೊತೆ ಸಣ್ಣ ಸೂಜಿಗಳ ಚಿಕಿತ್ಸೆಯನ್ನೂ ಸೇರಿಸಿದರೆ ಗೆರೆಗಳು ಮಸುಕಾಗುತ್ತವೆ, ಪೂರ್ತಿ ಅಳಿಯುವುದಿಲ್ಲ ಎಂದಿದ್ದರು ಚರ್ಮದ ಡಾಕ್ಟರು. ನೋವಾಗದಂತೆ ಮೊದಲು ಮರಗಟ್ಟಿಸುವ ಮುಲಾಮನ್ನು ಕ್ಲಿನಿಕ್ಕಿನಲ್ಲೇ ಹಚ್ಚಿಸಿಕೊಂಡು ಕಾಯಬೇಕು. ಆದರೆ ನಮ್ಮ ಕಡೆಯವರ ಟ್ರಾಫಿಕ್ ಬುದ್ಧಿ ನಿಮಗೂ ಗೊತ್ತಲ್ಲ! "ಹೇಗಿದ್ರೂ ದಾರೀಲಿ ಕಾಯ್ತೀವಿ, ಅಲ್ಲೇ ಮರಗಟ್ಲಿ" ಎಂದು ಅಕ್ಕ ಮುಲಾಮು ತಂದು ಹೊಟ್ಟೆ, ತೊಡೆಗೆಲ್ಲ ದಪ್ಪಗೆ ಬಳಿದು, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಸುತ್ತಿಕೊಂಡಳು. 

"ಹಲಸಿನ ತೊಳೆ ಥರ ಇದೀಯ." 

"ನಿಂಗೂ ಮಕ್ಳಾಗ್ಲಿ, ಆಗ ಮಾತಾಡು."

ಅವತ್ತು ರಸ್ತೆ ಕದಲಲೇ ಇಲ್ಲ. ತುಟಿ ಆದಮೇಲೆ ಕಿವಿ ಗುಂಯ್‌ಗುಟ್ಟಿತು, ಮಾತು ತೊದಲಿತು. ನಾನು ಫೋನ್ ಮಾಡಿದರೆ ಡಾಕ್ಟರು ಕೂಗಿದರು: "ಮೊದ್ಲು ಒರೆಸಿ! ಇಲ್ಲಿಗೆ ಬೇಡ, ಹತ್ತಿರದ ಆಸ್ಪತ್ರೆಗೆ ಹೋಗಿ." ನಾನು ದುಪಟ್ಟಾದಲ್ಲಿ ಒರೆಸುತ್ತಿದ್ದರೆ ಆಟೋದವನು "ಹಿಡ್ಕೊಳ್ಳಿ ಮೇಡಂ" ಎಂದು ಫುಟ್‌ಪಾತ್ ಹತ್ತಿಸಿದ. ಆಸ್ಪತ್ರೆಯ ಬಾಗಿಲಲ್ಲೇ ಅಕ್ಕ ಸೆಟೆದುಕೊಂಡು ನಡುಗಿದಳು. ಪ್ಲಾಸ್ಟಿಕ್ಕಿನಡಿ ಅಷ್ಟು ಹೊತ್ತು ಉಳಿದ ಮುಲಾಮಿನ ಮದ್ದು ಅತಿಯಾಗಿ ರಕ್ತಕ್ಕೆ ಸೇರಿತ್ತು. ಸಂಜೆ ಕಣ್ಣು ಬಿಟ್ಟವಳು ಕೇಳಿದ್ದು: "ಹೊಟ್ಟೆ ಇನ್ನೂ ಮರಗಟ್ಟೇ ಇದೆ. ಲೇಸರ್ ಇಲ್ಲೇ ಮಾಡ್ತಾರಾ ಕೇಳೇ."

ಆಮೇಲೆ ಅವಳು ಚಿಕಿತ್ಸೆ ಮಾಡಿಸಿಕೊಂಡಳು, ಮುಲಾಮನ್ನು ಡಾಕ್ಟರ ಕಣ್ಣೆದುರೇ ಹಚ್ಚಿಸಿಕೊಂಡು. ನಿದ್ದೆ ಕಳೆದುಕೊಂಡವಳು ನಾನು. ಕಣ್ಣು ಮುಚ್ಚಿದರೆ ಆ ತೊದಲು ಮಾತು.

ನಿನ್ನೆ ಅಕ್ಕ ಮಕ್ಕಳೊಂದಿಗೆ ನಮ್ಮಲ್ಲಿ ಉಳಿಯಲು ಬಂದಳು. ರಾತ್ರಿ ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಮಲಗಿದೆವು. ಅವಳಿಗಳು ಅವಳ ಹೊಟ್ಟೆ ತಡವುತ್ತಾ "ನಂದ್ಯಾವ್ದಮ್ಮ?" ಎಂದು ಕಿತ್ತಾಡಿದರು.

"ಮಸುಕಾಗ್ಬಿಟ್ಟಿದೆ. ಇರೋದನ್ನೇ ಹಂಚ್ಕೊಂಡು ಮಲ್ಕೊಳ್ರೋ." ಒಂದಕ್ಷರವೂ ತೊದಲಲಿಲ್ಲ.

ನನಗೆ ಯಾವಾಗ ನಿದ್ದೆ ಹತ್ತಿತೋ. ಆಮೇಲೆ ಕೇಳಿಸಿದ್ದು ಅಕ್ಕನ ಅದೇ ದನಿ: "ಏಳೇ, ಬಿಸಿಲು ಬಂತು. ತೊಳೆಯೆಲ್ಲಾ ಖಾಲಿ."