ತಿಕ್ಕಿ ಕೊಟ್ಟ ಬೋಗುಣಿ

ನನ್ನ ಮನೆಯಿಂದ ಹೊಲಸು ಪಾತ್ರೆ ಹೊರಗೆ ಹೋಗಬಾರದು. ಇದು ನನ್ನ ಹಟ. ಹಾಗಾಗಿ ಗುಜರಿಗೆ ಹಾಕುವ ಸಾಮಾನನ್ನೂ ತಿಕ್ಕಲು ಕೂತಾಗ ನಮ್ಮ ಮನೆಯವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಮುರದು ಕರಗಸೂ ಸಾಮಾನಕ್ಕ ಜಳಕಾ ಯಾಕ ಮಾಡಸ್ತೀ?" ಎಂದು ನಕ್ಕರು.

"ಒಯ್ಯಾಕ ಬಂದವ್ರು ಏನಂದಾರು? ಈ ಮನ್ಯಾಗ ಹೆಣ್ಮಕ್ಕಳು ಇಲ್ಲೇನು ಅಂತಾರ," ಎಂದು ರೇಗಿದೆ.

ನಮ್ಮದು ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿ. ಬಿಜ್ಜರಗಿಯ ನಮ್ಮ ದ್ರಾಕ್ಷಿ ತೋಟವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ಮೇಲೆ ಅಲ್ಲಿನ ಸಾಮಾನೆಲ್ಲ ನಮ್ಮ ಮೆಟ್ಟಿಲ ಕೆಳಗೆ ಬಂದು ಬಿದ್ದಿತ್ತು. ತಂತಿಯ ಸುರುಳಿ, ತುಕ್ಕು ಹಿಡಿದ ಪಂಪು, ಆಳುಗಳಿಗೆ ಅಡುಗೆ ಮಾಡುತ್ತಿದ್ದ ಪಾತ್ರೆಗಳು. ಮನೆಗೆ ಬಣ್ಣ ಹೊಡೆಸುವುದಿತ್ತು. ಫೋನ್ ಮಾಡಿದರೆ ಮನೆಗೇ ಟೆಂಪೊ ತಂದು ಗುಜರಿ ಒಯ್ಯುವವರಿದ್ದಾರೆ ಎಂದು ಓಣಿಯವರೇ ನಂಬರು ಕೊಟ್ಟರು.

ಮರುದಿನ ಮುಂಜಾನೆ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡ ಕಬ್ಬಿಣ ಹೊರುತ್ತಿದ್ದ. ಹೆಂಡತಿ ಕೂತು ತಾಮ್ರವನ್ನೂ ಅಲ್ಯುಮಿನಿಯಮ್ಮನ್ನೂ ಬೇರೆ ಮಾಡುತ್ತಿದ್ದಳು. ನಾನು ತಿಕ್ಕಿಟ್ಟ ಪಾತ್ರೆಗಳಲ್ಲಿ ಒಂದು ಅಲ್ಯುಮಿನಿಯಂ ಬೋಗುಣಿ ಹೊಸದರಂತೆ ಹೊಳೆಯುತ್ತಿತ್ತು. ಅವಳು ಅದನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿದಳು. ನನಗೆ ಹಿಗ್ಗು ತಡೆಯಲಿಲ್ಲ.

"ಅದನ್ನ ಮುರೀಬ್ಯಾಡ ತಂಗಿ. ಮನಿಗೆ ಒಯ್ದು ಅಡಗಿ ಮಾಡ್ಕೋ," ಎಂದೆ.

"ಹೂಂ ರೀ ಅಕ್ಕಾರ," ಎಂದು ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಗಂಡ ಬಬಲೇಶ್ವರಕ್ಕೆ ಇನ್ನೊಂದು ಲೋಡಿಗೆ ಹೋಗುವವನಿದ್ದ. ಅವಳು ಬಸ್ಸು ಹಿಡಿದು ತಿಕೋಟಾದ ಮನೆಗೆ ಹೋಗುತ್ತೇನೆಂದಳು.

ಅವರು ಹೋದ ಮೇಲೆ, ಪಾತ್ರೆ ತಿಕ್ಕಿದ್ದ ಬಚ್ಚಲನ್ನು ತೊಳೆಯಲು ಹೋದೆ. ಮೋರಿಯ ಜಾಳಿಗೆಯಲ್ಲಿ ಕೆಂಪನೆಯ ಚಕ್ಕೆಗಳು ಸಿಕ್ಕಿಕೊಂಡಿದ್ದವು. ತುಕ್ಕಿರಬೇಕು ಎಂದುಕೊಂಡು ಬೆರಳಿಂದ ತೆಗೆದೆ. ತುಕ್ಕಲ್ಲ, ಬಣ್ಣ.

ಆ ಬಣ್ಣ ಬಳಿಸಿದವಳೇ ನಾನು. ದ್ರಾಕ್ಷಿ ಬಳ್ಳಿ ಕತ್ತರಿಸಿದ ಮೇಲೆ ಚಿಗುರು ಒಡೆಯಲೆಂದು ಗೆಣ್ಣಿನ ಕಣ್ಣುಕಣ್ಣಿಗೆ ಒಂದು ಔಷಧಿ ಹಚ್ಚುತ್ತಾರೆ. ಹೆಸರಿಗೆ ಔಷಧಿ, ಅಸಲಿಗೆ ವಿಷ. ಅದನ್ನು ಕಲಸುವುದಕ್ಕೇ ಒಂದು ಬೋಗುಣಿ ಇತ್ತು. ಒಂದು ವರ್ಷ ಯಾರದೋ ಆಡು ಬಂದು ಅದರ ತಳ ನೆಕ್ಕಿ ಸಂಜೆಯೊಳಗೆ ಸತ್ತಿತು. ಅಂದೇ ನಮ್ಮ ಮನೆಯವರ ಬೆನ್ನು ಹತ್ತಿ ಅದರ ಸುತ್ತ ಕೆಂಪು ಪಟ್ಟಿ ಬಳಿಸಿದ್ದೆ. ಮೆಟ್ಟಿಲ ಕೆಳಗೆ ಅಡುಗೆ ಪಾತ್ರೆಗಳ ಜೊತೆ ಬಿದ್ದು, ಧೂಳು, ಅವುಗಳ ಮಸಿ ಮೆತ್ತಿ ಆ ಪಟ್ಟಿ ಮುಚ್ಚಿಹೋಗಿತ್ತು. ತಿಕ್ಕುವ ಭರದಲ್ಲಿ ನಾನು ಮಸಿಯ ಜೊತೆಗೆ ಪಟ್ಟಿಯನ್ನೂ ಕಿತ್ತು ಹಾಕಿ, ಅದೇ ಬೋಗುಣಿಯನ್ನು ಅವಳಿಗೆ ಕೊಟ್ಟಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು.

ಫೋನ್ ಮಾಡಿದೆ. ಹತ್ತಲಿಲ್ಲ. ಮತ್ತೆ ಮಾಡಿದೆ. ಏಳನೆಯದೋ ಎಂಟನೆಯದೋ ಸಲಕ್ಕೆ ಗಂಡ ಎತ್ತಿದ. "ನಾ ಬಬಲೇಶ್ವರದಾಗ ಅದೇನ್ರಿ. ಆಕಿ ಕಡೆ ಫೋನ್ ಇಲ್ರಿ. ಇಷ್ಟೊತ್ತಿಗೆ ಮನೀಗೆ ಹೋಗಿ ಒಲಿ ಹಚ್ಚಿರ್ತಾಳ," ಎಂದ. ನಾನು ವಿಷಯ ಹೇಳಿದೆ. ಕೇಳಿದವನೇ, "ಬಸ್‌ಸ್ಟ್ಯಾಂಡ್ ದಾಟಿ ಎಡಕ್ಕ ತಗಡಿನ ಶೆಡ್ ಐತ್ರಿ. ನಾನೂ ಹೊಂಡ್ತೇನಿ, ಆದ್ರ ನೀವಽ ಲಗೂ ಮುಟ್ತೀರಿ. ಹೋಗ್ರಿ ಅಕ್ಕಾರ, ಹೋಗ್ರಿ," ಎಂದ.

ನಮ್ಮ ಮನೆಯವರ ಬೈಕಿನ ಹಿಂದೆ ಕೂತೆ. ಅರಕೇರಿಗೆ ಹೋಗುವ ದಾರಿ ಬಂದಿದ್ದೂ ದಾಟಿದ್ದೂ ಗೊತ್ತಾಗಲಿಲ್ಲ. ಅವಳು ಅಕ್ಕಿ ತೊಳೆದಿರುತ್ತಾಳೆ, ನೀರು ಕುದಿಯುತ್ತಿರುತ್ತದೆ, ಮಗಳು ತಾಟು ಹಿಡಿದು ಕೂತಿರುತ್ತಾಳೆ, ಹೀಗೇ ತಲೆ ಓಡುತ್ತಿತ್ತು. ಇದ್ದಾಳೋ ಇಲ್ಲವೋ, ಅವಳಿಗೊಬ್ಬ ಮಗಳನ್ನು ನಾನೇ ಹುಟ್ಟಿಸಿಕೊಂಡಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವರು ಬೇರೆ.

"ತಿಕ್ಕಿದ ಮ್ಯಾಲ ವಿಷ ಎಲ್ಲಿ ಉಳೀತದ?" ಎಂದು ಇವರು ಒಂದು ಸಲ ಅಂದರು.

"ಹಂಗಿದ್ರ ನೀವು ಅದರಾಗ ಉಣ್ತೀರೇನು?" ಎಂದೆ. ಅವರು ಬೈಕಿನ ವೇಗ ಹೆಚ್ಚಿಸಿದರು.

ಶೆಡ್ಡಿನ ಮುಂದೆ ಒಲೆ ಹೊಗೆಯಾಡುತ್ತಿತ್ತು. ಅವಳು ಅದರ ಮುಂದೆ ಕೂತಿದ್ದಳು. ನಮ್ಮನ್ನು ಕಂಡು ಎದ್ದು, "ಅಯ್ಯ ಅಕ್ಕಾರ, ಬರ್ರಿ ಬರ್ರಿ," ಎಂದು ಚಾಪೆ ಹಾಸತೊಡಗಿದಳು.

"ಬೋಗುಣಿ ಎಲ್ಲೈತಿ?"

ಚಾಪೆ ಹಾಸುತ್ತಿದ್ದ ಕೈ ನಿಂತಿತು. "ಯಾಕ್ರಿ, ವಾಪಸ್ ಬೇಕಾಗಿತ್ತೇನ್ರಿ? ನೀವಽ ಒಯ್ಯಿ ಅಂದ್ರಲ್ರಿ."

ಕೊಟ್ಟದ್ದನ್ನು ಕಸಿಯಲು ನಾನು ಬಂದಿದ್ದೇನೆ ಎಂದು ತಿಳಿದಿದ್ದಳು. ಒಂದೇ ಉಸಿರಿಗೆ ಆಡು, ಔಷಧಿ, ಕೆಂಪು ಪಟ್ಟಿ ಎಲ್ಲ ಹೇಳಿದೆ. ಅವಳು ಹೆದರಲಿಲ್ಲ. ನನ್ನ ಕೈ ಹಿಡಿದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದಳು. ಗುಜರಿ ರಾಶಿಯ ಮೇಲೆ ಬೋಗುಣಿ ಬೋರಲು ಬಿದ್ದಿತ್ತು. ತಳಕ್ಕೆ ಹಾರೆ ಹಾಕಿ ತೂತು ಮಾಡಿದ್ದಳು.

"ಬಂದ ಕೂಡ್ಲೆ ತೂತ ಹೊಡದೇನ್ರಿ. ಮಂದಿ ಮನಿ ಭಾಂಡೆ ನಾ ಒಲಿಮ್ಯಾಲ ಇಡೂದಿಲ್ರಿ. ಹಿಂದಕ ಒಮ್ಮೆ ಇಟ್ಟಿದ್ದೆ. ಅವ್ರೂ ಹಿಂಗಽ ತಿಕ್ಕಿ ಬೆಳ್ಳಗ ಮಾಡಿ ಕೊಟ್ಟಿದ್ರು. ನನ್ನ ಮಗಳು ಎಂಟು ದಿನ ದವಾಖಾನ್ಯಾಗ ಇದ್ಲು."

ಮಗಳು ನಿಜವಾಗಿಯೂ ಇದ್ದಳು. ನಾನು ಅಲ್ಲೇ ಕಬ್ಬಿಣದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

"ಮತ್ತ ನಮ್ಮ ಮನ್ಯಾಗ ಹೂಂ ಅಂದೆಲ್ಲ?"

"ಪ್ರೀತೀಲೆ ಕೊಟ್ರಿ ನೀವು. ಒಲ್ಲೆ ಅಂದ್ರ ನಿಮಗ ಕೆಟ್ಟ ಅನಸ್ತಿತ್ತು," ಎಂದಳು.

ಚಾಪೆಯ ಮೇಲೆ ಕೂರಿಸಿ, ಒಲೆಯ ಮೇಲಿನ ಪಾತ್ರೆಯಿಂದ ಎರಡು ಕಪ್ಪಿಗೆ ಚಹಾ ಸೋಸಿದಳು. ನಮ್ಮ ಮನೆಯವರು ಗಟಗಟ ಕುಡಿದರು. ನಾನು ಕಪ್ಪು ಹಿಡಿದುಕೊಂಡೆ. ಹಿಡಿದುಕೊಂಡು, ಬೇಡವೆಂದರೂ ಕೇಳದ ಕಣ್ಣಿನಿಂದ, ಒಲೆಯ ಮೇಲಿನ ಆ ಪಾತ್ರೆಯನ್ನೊಮ್ಮೆ ನೋಡಿದೆ. ಕ್ಷಣಮಾತ್ರ. ಅವಳಿಗೆ ಅಷ್ಟೇ ಸಾಕಾಯಿತು.

"ಅದು ನನ್ನ ತವರಮನಿ ಭಾಂಡೆ ರೀ ಅಕ್ಕಾರ," ಎಂದಳು ಮೆಲ್ಲಗೆ. "ಕುಡೀರಿ."

ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಕುಡಿದೆ.