ಕೆರೆದು ಒಯ್ದ ಮಣ್ಣು

ಅರವತ್ತರ ದಶಕದ ಮೊದಲಲ್ಲಿ ನಾನು ಗ್ರಾಮಸೇವಕಿ. ಯಶವಂತಪುರದ ಬಾಡಿಗೆ ಕೋಣೆಯಿಂದ ಬಾಗಲಗುಂಟೆ ಕಡೆಯ ಹಳ್ಳಿಗಳಿಗೆ ಹೋಗಿ ಗೊಬ್ಬರದ ಗುಂಡಿ ತೆಗೆಸುವುದು, ಹಸಿರೆಲೆ ಗೊಬ್ಬರ ಹಾಕಿಸುವುದು ನನ್ನ ಕೆಲಸ. ಗಂಡಸರು ನನ್ನ ಮಾತು ಕೇಳಿ, ನಕ್ಕು, ಬೀಡಿ ಹಚ್ಚುತ್ತಿದ್ದರು. ನಂಬಿದವಳು ಒಬ್ಬಳೇ. ನನಗಿಂತ ಹಿರಿಯಳು, ಅಕ್ಕ ಎನ್ನುತ್ತಿದ್ದೆ. ಅವಳಿಗೂ ಅವಳ ಗಂಡನಿಗೂ ಇದ್ದದ್ದು ದಿಬ್ಬದ ಮೇಲಿನ ಒಂದು ತುಂಡು ಹೊಲ. ಮಳೆಗೆ ಮೇಲ್ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಬೆಣಚುಕಲ್ಲು ಉಳಿದಿತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅವಳ ಗಂಡ ಕೆರೆತಳದ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆದ. ಅಕ್ಕ ಸಗಣಿ, ಬೂದಿ, ಹೊಂಗೆಸೊಪ್ಪನ್ನು ಗುಂಡಿಗೆ ತುಂಬಿದಳು. ಮುಂಗಾರಿಗೆ, ಹಸಿರೆಲೆ ಗೊಬ್ಬರಕ್ಕೆಂದು ಸೆಣಬಿನ ಬೀಜ ಚೆಲ್ಲಿಸಿದೆ. ಅದು ಸೊಂಟದೆತ್ತರ ಬಂದು ಹೂ ಬಿಡುವ ಹೊತ್ತಿಗೆ, ಉತ್ತು ಮಣ್ಣಿಗೆ ಸೇರಿಸಿಬಿಡಿ ಎಂದೆ.

"ಅಸಿರಾಗಿ ನಿಂತಿರೋದ್ನ ಕೈಯಾರೆ ಉತ್ತಾಕೋದಾ ಅಮ್ಮಣ್ಣಿ? ಭೂಮ್ತಾಯಿ ಒಪ್ತಾಳಾ?"

"ಅವಳ ಊಟಾನೇ ಕಣಕ್ಕಾ ಅದು," ಎಂದೆ.

ಉಳುವಾಗ ಅವಳು ಬದುವಿನ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದಳು. ಊರವರು ಆಡಿಕೊಂಡರು. ಆದರೆ ಮೂರನೆಯ ಮಳೆಗಾಲದ ಹೊತ್ತಿಗೆ ಆ ಮಣ್ಣು ಕಪ್ಪಾಗಿ, ಹಿಡಿದರೆ ಹುಡಿಹುಡಿಯಾಗಿ ಉದುರುವಂತಾಯಿತು. ಎರೆಹುಳು ಬಂತು. ರಾಗಿ ತೆನೆ ತೂಗಿ ನಿಂತಿತು. ಆಡಿಕೊಂಡವರೇ ಗುಂಡಿ ತೋಡುವುದು ಹೇಗೆಂದು ಅವಳನ್ನು ಕೇಳಲು ಬಂದರು.

ಆ ಸುಗ್ಗಿ ಮುಗಿಯುತ್ತಲೇ ದಿಬ್ಬವಿಡೀ ಸರ್ಕಾರದ ಸ್ವಾಧೀನಕ್ಕೆ ಹೋಗಿ ಒಂದು ಕಾರ್ಖಾನೆಯ ಪಾಲಾಯಿತು. ನಾನು ನನ್ನ ಮೇಲಧಿಕಾರಿಯ ಬಳಿ ಹೋದೆ.

"ಸರ್, ಆ ಹೊಲ ಒಂದನ್ನಾದ್ರೂ ಬಿಡ್ಸಿ. ಬೇರೆ ರೈತರಿಗೆ ತೋರಿಸೋಕೆ ಇರೋದು ಅದೊಂದೇ."

ಅವರು ತಲೆಯೆತ್ತಲಿಲ್ಲ. "ಮಣ್ಣು ಎಲ್ಲಾ ಕಡೆ ಇದೆ ಕಣಮ್ಮ. ಇನ್ನೊಂದು ಕಡೆ ಮಾಡ್ಸು."

ಕಟ್ಟಡ ಏಳುವ ಮೊದಲು ಲಾರಿಗಳು ಬಂದವು. ಕೂಲಿಯವರು ಸನಿಕೆಯಿಂದ ಆ ಹೊಲದ ಮೇಲ್ಮಣ್ಣನ್ನಷ್ಟೇ ಕೆರೆದು ತುಂಬಿದರು. ಅಕ್ಕಪಕ್ಕದ ಹೊಲಗಳನ್ನು ಮುಟ್ಟಲಿಲ್ಲ. ಎಲ್ಲಿಗೆ ಎಂದು ಕೇಳಿದೆ.

"ಕಾರ್ಖಾನೆ ಸಾಹೇಬ್ರ ಬಂಗ್ಲೆಗೆ, ಗುಲಾಬಿ ತೋಟಕ್ಕೆ," ಎಂದ ಮೇಸ್ತ್ರಿ. "ಒಳ್ಳೇ ಮಣ್ಣು ನೋಡ್ಕೊಂಡು ತನ್ನಿ ಅಂದವ್ರೆ."

ಅಕ್ಕನ ಗಂಡ ಲಾರಿಗೆ ಅಡ್ಡ ನಿಂತ. ಮೇಸ್ತ್ರಿ ಗದರಲೂ ಇಲ್ಲ. "ಈಗ ನಿಂದಲ್ವಲ್ಲಪ್ಪ," ಎಂದ. ಅವನು ಪಕ್ಕಕ್ಕೆ ಸರಿದ.

ಅಕ್ಕನೂ ಗಂಡನೂ ಗೊರಗುಂಟೆಪಾಳ್ಯದಲ್ಲಿ ಒಂದು ಕೋಣೆ ಹಿಡಿದರು. ಗಂಡ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರಲು ಹೋಗುತ್ತಿದ್ದ. ನಾನು ಒಮ್ಮೆ ಹೋದಾಗ ಅಕ್ಕ ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತಳು. ಆಮೇಲೆ ಹೇಳಿದಳು:

"ಕಲ್ಲುಭೂಮಿ ಓಗಿದ್ರೆ ಓಯ್ತು ಬಿಡು ಅಂದ್ಕೊಂಡು ಬದುಕ್ತಿದ್ವಿ ಅಮ್ಮಣ್ಣಿ. ನೀವು ಬಂದು ಅದುಕ್ಕೆ ಜೀವ ತುಂಬ್ಸುದ್ರಿ. ಇವಾಗ ಒಟ್ಟೆ ಉರೀತದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಕುಡಿದು ಎದ್ದೆ.

ಅದೇ ತಿಂಗಳು ನನ್ನನ್ನು ಯಲಹಂಕದ ಆಚೆಗೆ ವರ್ಗ ಮಾಡಿದರು. ಅಲ್ಲಿ ಅರಳಿಕಟ್ಟೆಯ ಮೇಲೆ ಕೂತಿದ್ದ ರೈತರಿಗೆ, ಗುಂಡಿ ಹೇಗೆ ತುಂಬಬೇಕು, ಸೆಣಬು ಯಾವಾಗ ಉಳಬೇಕು ಎಂದು ಹೇಳಬೇಕಿತ್ತು. ಹೇಳಿದೆ. ಯಾರ ಮುಖವನ್ನೂ ನೋಡದೆ ಹೇಳಿದೆ.