ಕಡೆಯ ಎರಡು ಖಾನೆ

ನನ್ನ ಮೊಮ್ಮಗಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಒಂದಿನ ಅವಳ ಪುಸ್ತಕ ತೆಗೆದು, ಕಡೆಯ ಎರಡು ಖಾನೆ ಎಲ್ಲಿ ಅಂತ ಕೇಳಿದೆ. ಸೈನು, ಕೊಸೈನು, ಟ್ಯಾನು ಇದ್ದವು. ಅವೆರಡು ಇರಲಿಲ್ಲ.

“ವರ್ಸೈನ್, ಎಕ್ಸ್‌ಸೀಕ್ಯಾಂಟ್ ಅಂದ್ಯಾ? ಅವನ್ನ ಈಗ ಯಾರೂ ಕಲಸೂದಿಲ್ಲ ಆಯಿ. ನಾನೂ ಕಲ್ತಿಲ್ಲ. ನಿನಗ ಹ್ಯಾಂಗ ಗೊತ್ತು?”

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಗೊತ್ತಾದದ್ದು ಹಿಂಗ.

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ಒಂದೇ ಮಗ್ಗ, ಮುಂದಿನ ಪಡಸಾಲೆಯಲ್ಲಿ, ನೆಲದಾಗ ತೋಡಿದ ಕುಣಿ. ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳೀಬೇಕು. ಆ ಕುಣಿ ನನ್ನ ಗಂಡನ ಕಾಲಿನ ಅಳತೆಗೆ ತೋಡಿದ್ದು. ಈ ಸಂಗತಿಯ ಹಿಂದಿನ ವರ್ಷ ಅವರು ಜ್ವರ ಬಂದು ಮೂರು ದಿನದಾಗ ಹೋದರು. ಮಾವ ಮತ್ತೆ ಮಗ್ಗಕ್ಕೆ ಕೂತರು. ಕಾಲು ನಿಲುಕುತ್ತಿರಲಿಲ್ಲ, ಕೆಳಗೆ ಎರಡು ಇಟ್ಟಂಗಿ ಇಟ್ಟುಕೊಂಡಿದ್ದರು. ನಾನು ನೂಲು ಸುತ್ತುತ್ತಿದ್ದೆ. ಮಗಳಿಗೆ ಎರಡು ವರ್ಷ. ನಾನು ಅತ್ತಿರಲಿಲ್ಲ. ಅಳು ಬರಲಿಲ್ಲ, ಅಷ್ಟ.

ಆಗ ನಮ್ಮ ಓಣಿ ಮುಂದೆ ಹೊಸ ರಸ್ತೆ ತಿರುವು ಹಾಕೋದು ಅಂತಾತು. ಅಳತೆಯ ಸಾಹೇಬ ಬಂದ. ಸಂಗಡ ಇಬ್ಬರು ಆಳು, ಸರಪಳಿ, ಗೂಟ, ಸುಣ್ಣದ ಪುಟ್ಟಿ. ಒಳ್ಳೆ ಮನುಷ್ಯ, ಬಾಯಿ ಜಾಸ್ತಿ. ನೀರು ಕುಡಿಯಲಿಕ್ಕೆ ನಮ್ಮ ಕಟ್ಟೆಗೆ ಬಂದು ಕೂತಾಗ ಮಾವ ಕೇಳಿದರು, “ರಸ್ತೆ ನಮ್ಮ ಮನಿ ತನಕಾ ಬರತದೇನ್ರಿ?”

“ಬಿಲ್ಲು ನೋಡೀರಿಲ್ಲೋ?” ಅಂದ ಸಾಹೇಬ. “ಅಲ್ಲೊಂದು ಗೂಟ, ಇಲ್ಲೊಂದು ಗೂಟ, ನಡುವ ಹಗ್ಗ. ಅದು ಬಿಲ್ಲಿನ ಹೆದಿ. ರಸ್ತೆ ಬಿಲ್ಲಿನ ಬೆನ್ನು. ಹೆದಿ ನಡುವಿನಿಂದ ಬೆನ್ನಿಗೆ ಎಷ್ಟು ದೂರ, ಅದು ಬಾಣ. ಹಿಂದಿನವರು ಬಾಣ ಅಂತನ ಕರೀತಿದ್ರು, ಇಂಗ್ಲೀಷಿನ್ಯಾಗ ವರ್ಸೈನು. ಬಾಣ ಉದ್ದ ಆದಷ್ಟೂ ರಸ್ತೆ ನಿಮ್ಮ ಗ್ವಾಡಿಗೆ ಸಮೀಪ.”

“ಎಷ್ಟು ಉದ್ದ ಆಗತದ?”

“ಪುಸ್ತಕ ಹೇಳತದ.” ಪುಸ್ತಕ ತೊಡೆ ಮೇಲಿತ್ತು, ಪುಟ ತುಂಬ ಅಂಕಿಯ ಖಾನೆ. ಹಡಗಿನವರು ಇದೇ ಅಂಕಿಯ ಅರ್ಧ ತಗೊಂಡು ಸಮುದ್ರದಾಗ ದಾರಿ ತೆಗೀತಾರೆ ಅಂದ. ಪಕ್ಕದ ಖಾನೆ ಎಕ್ಸ್‌ಸೀಕ್ಯಾಂಟು, ಅದು ಎರಡು ನೆಟ್ಟನೆ ರಸ್ತೆ ಕೂಡೋ ಮೂಲೆಯಿಂದ ಒಳಗೆ ತಿರುವಿನ ತನಕ ಅಳೆಯೋದಕ್ಕೆ. ಇಲ್ಲಿ ಮೂಲೆ ಗುಡ್ಡದ ಬಂಡೆ ಮ್ಯಾಲ ಬಿದ್ದದ, ಅದಕ್ಕೆ ನಮಗ ಬಾಣನ ಗತಿ ಅಂದ. ನಾನು ನೂಲು ಸುತ್ತುತ್ತ ಎಲ್ಲಾ ಕೇಳಿದೆ.

ಎದ್ದು ಹೊರಟ. ಬೀದಿಯಲ್ಲಿ ನಮ್ಮ ಹಾಸು ಬಿಗಿದು ಗಂಜಿ ಹಚ್ಚಿ ಒಣಗಲಿಕ್ಕೆ ಬಿಟ್ಟಿತ್ತು, ಮಗ್ಗಕ್ಕೆ ಏರಿಸೋ ಮೂವತ್ತು ಮೊಳ ನೂಲು.

“ಹಾಸು ದಾಟಬ್ಯಾಡ್ರಿ ಸಾಹೇಬ್ರ, ಸುತ್ತಿ ಹೋಗ್ರಿ” ಅಂತ ಮಾವ ಕೂಗಿದರು.

“ನೂಲಿಗೂ ಸಿಟ್ಟು ಬರತದೇನು?” ಅಂತ ದಾಟಿದ. ಕಾಲು ಸಿಕ್ಕಿ ಮುಗ್ಗರಿಸಿದ. ಚಸ್ಮಾ ಕಲ್ಲಿಗೆ ಬಡಿದು ಎರಡೂ ಗಾಜು ಹೋದವು.

“ಬಂತ್ರಿ” ಅಂದರು ಮಾವ.

ಚಸ್ಮಾ ಇಲ್ಲದೆ ಅವನಿಗೆ ಪುಸ್ತಕದ ಅಂಕಿ ಕಾಣಲಿಲ್ಲ. ಆಳುಗಳಿಗೆ ಓದು ಬರುತ್ತಿರಲಿಲ್ಲ. ಇಂಗ್ಲೀಷ್ ಅಂಕಿ ನನಗೆ ಬರುತ್ತಿತ್ತು, ನೂಲಿನ ಗಂಟಿನ ಮೇಲೆ ನಂಬರು ಇರುತ್ತಿದ್ದವಲ್ಲ.

“ತಂಗಿ, ಇಪ್ಪತ್ತೊಂಬತ್ತರ ಮುಂದ ನೋಡು. ಕಡೇಲಿಂದ ಎರಡನೇ ಖಾನಿ. ಚುಕ್ಕಿ ಮುಂದಿನ ನಾಲ್ಕು ಅಂಕಿ ಓದು.”

ಎರಡನೇ ಖಾನೆಯಲ್ಲಿ ಒಂದು, ಎರಡು, ಐದು, ನಾಲ್ಕು. ಕಟ್ಟಕಡೆಯದರಲ್ಲಿ ಒಂದು, ನಾಲ್ಕು, ಮೂರು, ನಾಲ್ಕು. ಕಟ್ಟಕಡೆಯದು ದೊಡ್ಡದು.

ನೂಲಿನಲ್ಲಿ ಇಪ್ಪತ್ತು ನಂಬರ ಅಂದರೆ ದಪ್ಪ, ಎಂಬತ್ತು ಅಂದರೆ ಕೂದಲಿನಂಥ ಸಣ್ಣದು. ನಂಬರು ಏರಿದಷ್ಟೂ ನೂಲು ಸಣ್ಣ. ಹುಟ್ಟಿದಾಗಿನಿಂದ ನಾನು ನೋಡಿದ ನಂಬರು ಅವೇ. ಬಾಣವೂ ಸಣ್ಣ ಆಗಲಿ, ಮಗ್ಗ ಉಳೀಲಿ ಅಂತ ದೊಡ್ಡ ನಂಬರ ಓದಿದೆ. ತಪ್ಪಿ ಅಲ್ಲ, ಬೇಕಂತಲೇ.

ಸಾಹೇಬ ಅದನ್ನ ಬಾಯಲ್ಲೇ ತಿರುವಿನ ತ್ರಿಜ್ಯಕ್ಕೆ, ಇನ್ನೂರು ಫೂಟಿಗೆ, ಗುಣಿಸಿದ. ಇಪ್ಪತ್ತೆಂಟೂವರೆ ಫೂಟಿನ ಮೇಲೆ ಬಂತು. ಸರಪಳಿ ನಮ್ಮ ಮನೆ ಕಡೆಗೆ ಬಂತು, ಬಂತು, ಇನ್ನೂ ಬಂತು. ನಿಂತಲ್ಲಿ ಗೂಟ ಹೊಡೆದರು. ಅಲ್ಲಿಂದ ರಸ್ತೆಯ ಅರ್ಧ ಅಗಲ ಅಳೆದು ಸುಣ್ಣ ಚೆಲ್ಲಿದರು. ಸುಣ್ಣದ ಗೆರೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಕುಣಿಯ ನಡುವೆ ಹಾದು ಆಚೆ ಹೋಯಿತು.

ನನಗೆ ಆಗಲೇ ತಿಳಿಯಿತು. ಬಾಯಿ ತೆಗೆದಿದ್ದರೆ ಆಗುತ್ತಿತ್ತು. ತೆಗೆಯಲಿಲ್ಲ. ಹೆದರಿಕೆ ಅಂತೂ ಅಲ್ಲ. ಕೈ ನೂಲು ಸುತ್ತುತ್ತಿತ್ತು, ಅದನ್ನೇ ನೋಡುತ್ತ ಕೂತೆ.

ಸಾಹೇಬ, “ಚಸ್ಮಾ ಮಾಡಿಸ್ಕೊಂಡು ಎಂಟು ದಿನದಾಗ ಬರತೀನಿ, ಆಮ್ಯಾಲ ಒಡಿಯೋರು ಬರತಾರ” ಅಂತ ರೋಣದ ಕಡೆ ಹೋದ.

ಮಾವ ಒಡೆಯುವವರ ದಾರಿ ಕಾಯಲಿಲ್ಲ. “ಮಂದಿ ಒಡದ್ರ ಕಟಗಿ ಮುರೀತಾರ” ಅಂತ ಮರುದಿನವೇ ಅರ್ಧ ನೇಯ್ದ ಸೀರೆ ಕತ್ತರಿಸಿ ತೆಗೆದರು. ಮಗ್ಗ ಬಿಚ್ಚಿದರು. ಗ್ವಾಡಿಯ ಕಲ್ಲು ಒಂದೊಂದಾಗಿ ಇಳಿಸಿ ಹಿತ್ತಲಲ್ಲಿ ಒಟ್ಟಿದರು. ಕುಣಿಗೆ ಮಣ್ಣು ತುಂಬಿದೆವು. ನಾನೇ ಪುಟ್ಟಿಗಟ್ಟಲೆ ಹೊತ್ತೆ. ಎರಡು ಇಟ್ಟಂಗಿ ಒಳಗೇ ಉಳಿದವು.

ಎಂಟನೇ ದಿನ ಸಾಹೇಬ ಹೊಸ ಚಸ್ಮಾ ಹಾಕಿಕೊಂಡು ಬಂದ. ಪುಸ್ತಕ ನೋಡಿದ, ಗೂಟ ನೋಡಿದ, ಮತ್ತೆ ಪುಸ್ತಕ ನೋಡಿದ. ಸರಪಳಿ ಹಿಡಿಸಿ ಅಳೆದು ಗೂಟ ಕಿತ್ತು ಮೂರೂವರೆ ಫೂಟು ಹಿಂದೆ ಹೊಡೆಸಿದ. ಹೊಸ ಸುಣ್ಣದ ಗೆರೆ ನಮ್ಮ ಗ್ವಾಡಿ ಇದ್ದ ಜಾಗದಿಂದ ಒಂದು ಗೇಣು ಹೊರಗೆ ಬಿತ್ತು. ಗ್ವಾಡಿ ಇರಲಿಲ್ಲ.

“ತಪ್ಪು ನಂದು ಯಜಮಾನ್ರ” ಅಂದ ಮಾವನಿಗೆ. “ಪಕ್ಕದ ಖಾನಿ ಓದಸೀನಿ.”

“ಅವರದಲ್ಲ” ಅಂದೆ. “ನಾ ಬೇಕಂತ ಓದಿದ್ದು. ದೊಡ್ಡ ನಂಬರ ಆರಿಸಿ ಓದಿದೆ.”

ಸಾಹೇಬನಿಗೆ ತಿಳಿಯಲಿಲ್ಲ. “ದೊಡ್ಡದು ಯಾಕವ್ವಾ? ನಿಮ್ಮ ಮನೀನ ಹೋಗತಿತ್ತಲ್ಲ!”

ಮಾವ ನನ್ನ ಮುಖ ನೋಡಿದರು. ಬೈತಾರೆ ಅಂದುಕೊಂಡೆ. ಮಗ ಸತ್ತ ಮೇಲೆ ಮೊದಲ ಸಲ ನಕ್ಕರು, ಕೆಮ್ಮು ಬರುವ ತನಕ.

“ನೇಕಾರ ಮನಿ ಸೊಸಿ ಅದಾಳ್ರಿ. ರಸ್ತೇನೂ ಎಂಬತ್ತು ನಂಬರ ಮಾಡಾಕ ಹೋಗ್ಯಾಳ.”

ನನಗೆ ನಗುವೂ ಬರಲಿಲ್ಲ. ಸಾಹೇಬ ಪುಸ್ತಕ ಮುಚ್ಚಿದ.

ಮಧ್ಯಾಹ್ನ ಮಾವ ಗುದ್ದಲಿ ತಂದು ನನ್ನ ಮುಂದೆ ಇಟ್ಟರು. “ತೋಡು.”

“ಮೊದಲಿನಷ್ಟ ತೋಡ್ಲ್ಯಾ?”

“ಅಷ್ಟು ಯಾಕ? ಅಂವ ಇಲ್ಲ. ನನ್ನ ಕಾಲು ನಡೀವಲ್ವು. ನಿನ್ನ ಅಳತೀಗೆ ತೋಡು.”

ನಮ್ಮ ಮನೆಯಲ್ಲಿ ಹೆಂಗಸರು ಕುಣಿಗೆ ಇಳಿದಿರಲಿಲ್ಲ. ತೋಡಿದೆ. ಇಟ್ಟಂಗಿ ಸಿಕ್ಕವು, ತೆಗೆದು ಹೊರಗಿಟ್ಟೆ. ಅಂಚಿಗೆ ಕೂತು ಕಾಲು ಇಳಿಬಿಟ್ಟೆ. ಹಿಮ್ಮಡಿ ನೆಲಕ್ಕೆ ಮುಟ್ಟಿತು, ಮೊಣಕಾಲು ಮೇಲೆದ್ದಿತು.

“ಇನ್ನೊಂದು ಗೇಣು ಬೇಕ್ರಿ” ಅಂದೆ.

“ಹಂಗಾರ ಇಳಿ” ಅಂದರು ಮಾವ. ಇಳಿದೆ.